ಹೊಟ್ಟೆ ನೋವಂತೆ

ಸ್ವೀಡನ್‌ನ ಸೋಲ್ನಾದ ಆ ಮೂರನೇ ಮಹಡಿಯ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಹನ್ನೊಂದು ವಾರವಾಗಿತ್ತು. ಹಾಗಂತ ಮನೆಯಲ್ಲಿ ಸದ್ದೇ ಇರಲಿಲ್ಲ ಎಂದುಕೊಳ್ಳಬೇಡಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅಲ್ಲಿ ಮಾತೋ ಮಾತು. ಅಷ್ಟೂ ಮಾತು ಐದು ವರ್ಷದ ಅಹನಾಳ ಬಾಯಲ್ಲಿ.

"ಅಪ್ಪಾ, ಹಾಲು ಮುಗಿದಿದೆಯಂತೆ."

"ಸಂಜೆ ತರ್ತೀನಿ ಅಂತ ನಿಮ್ಮಮ್ಮಂಗೆ ಹೇಳು."

"ಅಮ್ಮಾ, ಸಂಜೆ ತರ್ತಾರಂತೆ."

"ಸಂಜೆ ತಂದ್ರೆ ಈಗ ಕಾಫಿಗೆ ಏನು ಸುರ್ಕೊಳ್ಳೋದು ಅಂತ ಕೇಳು."

"ಅಪ್ಪಾ, ಈಗ ಕಾಫಿಗೆ ಏನು ಸುರ್ಕೊಳ್ಳೋದಂತೆ?"

ಅಡುಗೆಮನೆಗೂ ಹಾಲ್‌ಗೂ ನಡುವೆ ಆರು ಹೆಜ್ಜೆ. ಪದ್ಮಿನಿ ಅಲ್ಲಿ ಆಡಿದ್ದು ಸುದರ್ಶನ್‌ಗೆ ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಮಗಳು ಆರು ಹೆಜ್ಜೆ ನಡೆದು ಬಂದು ಒಪ್ಪಿಸುವ ತನಕ ಅವನು ಕೇಳಿಸದವನಂತೆ ಲ್ಯಾಪ್‌ಟಾಪ್ ನೋಡುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರು, ಒಂದೇ ಹೊತ್ತಿಗೆ ಉಂಡು ಒಂದೇ ಕೋಣೆಯಲ್ಲಿ ಮಲಗುವವರನ್ನು ನೋಡಿ ಹಾಗೆ ಹೇಳಿರಬೇಕು. ಇಲ್ಲಿ ಪದ್ಮಿನಿ ಮಧ್ಯಾಹ್ನ ಹನ್ನೆರಡಕ್ಕೆ ಉಂಡರೆ ಸುದರ್ಶನ್ ಒಂದೂವರೆಗೆ ಉಣ್ಣುತ್ತಿದ್ದ. ಅವಳು ಕೋಣೆಯಲ್ಲಿ ಮಲಗಿದರೆ ಅವನು ಹಾಲ್‌ನ ಸೋಫಾದ ಮೇಲೆ. ಅಹನಾಗೆ ತನ್ನದೇ ಪುಟ್ಟ ಕೋಣೆ ಇತ್ತು. ಇಂಥ ಜಗಳ ಮುಗಿಯುವುದಾದರೂ ಯಾವಾಗ?

ಕಾರಣ ದೊಡ್ಡದೇನಲ್ಲ ಎಂಬುದು ಸುದರ್ಶನ್‌ನ ವಾದ. ಆಗಸ್ಟ್ ನಡುವಿನಲ್ಲಿ ಪದ್ಮಿನಿಗೆ ಹೆಲ್ಸಿಂಗ್‌ಬೋರ್ಯ್‌ನ ಒಂದು ದೊಡ್ಡ ಪೀಠೋಪಕರಣದ ಕಂಪನಿಯ ಐಟಿ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿದವಳು, ಗಂಡನ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು ಸ್ವೀಡನ್‌ಗೆ ಬಂದು, ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸೋತು, ಕೊನೆಗೂ ಗಿಟ್ಟಿಸಿದ ಮೊದಲ ಕೆಲಸ. ಊರು ಮಾತ್ರ ರೈಲಿನಲ್ಲಿ ಐದು ಗಂಟೆ ದೂರ. ಎಲ್ಲರೂ ಅಲ್ಲಿಗೇ ಹೋಗೋಣವೇ, ಇಲ್ಲಾ ತಾನೊಬ್ಬಳೇ ವಾರಕ್ಕೆ ಎರಡು ದಿನ ಹೋಗಿ ಬರಲೇ, ಏನಾದರೂ ಒಂದು ಹೇಳಿ ಎಂದು ಅವಳು ಮೂರು ದಿನ ಕೇಳಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನೋಡೋಣ ಎಂದ.

ನಾಲ್ಕನೇ ದಿನ ಗೆಳೆಯರಾದ ಮಾಜಿದ್ ಮತ್ತು ಫರ್ಹತ್ ತಮ್ಮ ಹೊಸ ಮನೆಗೆ ಊಟಕ್ಕೆ ಕರೆದಿದ್ದರು. ಇಪ್ಪತ್ತು ಇಪ್ಪತ್ತೈದು ಮಂದಿ ಕನ್ನಡದವರು ಸೇರಿದ್ದರು. ಯಾರೋ ಪದ್ಮಿನಿಯ ಕೆಲಸದ ಮಾತೆತ್ತಿದರು. ಸುದರ್ಶನ್ ಬಿರಿಯಾನಿಯ ತಟ್ಟೆ ಹಿಡಿದುಕೊಂಡೇ, "ಅಯ್ಯೋ, ಅವಳಿಗೆ ಈಗ ಗಂಡ ಮಗು ಮೇಲೆ ಎಲ್ರೀ ಪ್ರೀತಿ? ಇರೋದೆಲ್ಲಾ ಮೇಜು ಕುರ್ಚಿ ಮೇಲೆ!" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡವರು ನಗುತ್ತಿದ್ದಾರಲ್ಲ ಎಂದು ಅಹನಾ ಕೂಡ ನಕ್ಕಳು. ಪದ್ಮಿನಿ ಮಗಳು ನಕ್ಕಿದ್ದನ್ನು ನೋಡಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಸಂಜೆ ಅಹನಾ ಹಾಲ್‌ಗೆ ಬಂದು, "ಅಪ್ಪಾ, ಕೆಲಸ ಬೇಡ ಅಂತ ಬರೆದಾಯ್ತಂತೆ" ಎಂದಳು. ಅದೇ ಮೊದಲ ಸುದ್ದಿ. ಆಗಲೇ ಸುದರ್ಶನ್ ಎದ್ದು ಆರು ಹೆಜ್ಜೆ ನಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ ಅವನು. ಕೂತಲ್ಲಿಂದಲೇ, "ಅದು ತಮಾಷೆಗೆ ಅಂದಿದ್ದು ಅಂತ ನಿಮ್ಮಮ್ಮಂಗೆ ಹೇಳು" ಎಂದ. ಮಗು ಹೋಗಿ ಹೇಳಿತು. ಉತ್ತರವನ್ನೂ ತಂದಿತು.

"ತಮಾಷೆ ಗೊತ್ತಾಯ್ತಂತೆ."

ಹೀಗೆ ಮಗುವನ್ನು ನಡುವೆ ಓಡಾಡಿಸುವುದು ಸುದರ್ಶನ್‌ಗೆ ಹೊಸದೇನಲ್ಲ. ತುಮಕೂರಿನ ಮನೆಯಲ್ಲಿ ಅವನ ಅಪ್ಪ ಅಮ್ಮ ಯಾರದೋ ಮದುವೆಯ ಉಡುಗೊರೆಯ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರು. ಆಗ ಅವನಿಗೆ ಎಂಟು ವರ್ಷ. ಊಟಕ್ಕೆ ಬರಬೇಕಂತೆ, ಸೋಪು ತರಬೇಕಂತೆ, ಅಜ್ಜಿಗೆ ಹುಷಾರಿಲ್ಲವಂತೆ ಎಂದು ಎರಡು ಕೋಣೆಯ ನಡುವೆ ಓಡಿದವನು ಅವನೇ. ಹುಡುಗ ಎಷ್ಟು ಚುರುಕು ನೋಡಿ ಎಂದು ನೆಂಟರೆಲ್ಲ ಹೊಗಳಿದ್ದರು. ಹಾಗಾಗಿ ಅವನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ನಾನೂ ಹೀಗೇ ಬೆಳೆದವನು, ನನಗೇನಾಯಿತು?

ಏನಾಯಿತೆಂದರೆ ಬಿಸಿನೆಸ್ ಅನಲಿಸ್ಟ್ ಆದ. ಗಿರಾಕಿ ಹೇಳಿದ್ದನ್ನು ಪ್ರೋಗ್ರಾಮು ಬರೆಯುವವರಿಗೆ ಹೇಳುವುದು, ಅವರು ಗೊಣಗಿದ್ದನ್ನು ನಯ ಮಾಡಿ ಗಿರಾಕಿಗೆ ಮುಟ್ಟಿಸುವುದು, ಇದಕ್ಕೇ ಅವನಿಗೆ ಸಂಬಳ. ಆಫೀಸಿನ ಫೀಕಾ ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ ಅವನ ಸ್ವೀಡಿಷ್ ಮ್ಯಾನೇಜರ್ ಒಮ್ಮೆ, "ಅದೆಲ್ಲ ಸರಿ ಸುದರ್ಶನ್, ನಿನಗೆ ಏನನ್ನಿಸುತ್ತೆ?" ಎಂದು ಕೇಳಿದ್ದಳು. ಅವನು ಒಂದು ನಿಮಿಷ ತಡಕಾಡಿ, "ಟೀಮಿನವರಿಗೆ ಇದು ಕಷ್ಟ ಅನ್ನಿಸುತ್ತೆ" ಎಂದಿದ್ದ. ನಲವತ್ತರ ಹತ್ತಿರ ಬಂದರೂ ತನಗೇನು ಬೇಕು ಎಂದು ಬಾಯಿ ಬಿಟ್ಟು ಹೇಳಲು ಬಾರದವನಿಗೆ, ನನಗೇನಾಯಿತು ಎಂದು ಕೇಳುವ ಧೈರ್ಯ ಮಾತ್ರ ಇತ್ತು.

ಈ ಹನ್ನೊಂದು ವಾರದಲ್ಲಿ ಲಾಭವೂ ಆಗಿತ್ತು ಅನ್ನಿ. ಬೇರೆ ಮನೆಗಳ ಮಕ್ಕಳು ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡುತ್ತಿದ್ದರು. ಅಹನಾಳ ಕನ್ನಡ ಮಾತ್ರ ದಿನದಿನಕ್ಕೆ ಅರಳುತ್ತಿತ್ತು. ಸುದ್ದಿಯೆಲ್ಲ ಕನ್ನಡದಲ್ಲೇ ಹೋಗಿಬರಬೇಕಲ್ಲ! ಅಂಗಡಿಯಲ್ಲಿ ಸಿಕ್ಕ ಫರ್ಹತ್, "ಎಷ್ಟು ಚೆನ್ನಾಗಿ ಮಾತಾಡ್ತಾಳ್ರೀ ನಿಮ್ಮ ಮಗಳು! ನಮ್ಮ ರೂಹಿ ಬಾಯಲ್ಲಿ ಒಂದು ಕನ್ನಡ ಪದ ಹೊರಡಲ್ಲ. ಮನೇಲಿ ಏನು ಮಾಡ್ತೀರಾ, ನಮಗೂ ಹೇಳ್ಕೊಡಿ" ಎಂದು ಬೆರಗಾಗಿದ್ದಳು. ಸುದರ್ಶನ್ ಹೆಮ್ಮೆಯಿಂದ, "ಮನೇಲಿ ಕನ್ನಡ ಮಾತ್ರ, ಅದೇ ರೂಲ್" ಎಂದಿದ್ದ.

ಅಕ್ಟೋಬರಿನಲ್ಲಿ ಡಾಗಿಸ್‌ನಿಂದ ಕರೆ ಬಂತು. ಅಹನಾ ಹಗಲೆಲ್ಲ ಇರುವ ಆ ಶಿಶುಶಾಲೆಯಲ್ಲಿ ಆಗಾಗ ತಂದೆ ತಾಯಿಯನ್ನು ಕೂರಿಸಿಕೊಂಡು ಮಗುವಿನ ಬೆಳವಣಿಗೆಯ ಬಗ್ಗೆ ಮಾತಾಡುವ ಪದ್ಧತಿ. ಮಕ್ಕಳ ಪುಟಾಣಿ ಕುರ್ಚಿಗಳ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಇಬ್ಬರೂ ಕೂತರು. ಎದುರಿಗೆ ಶಿಕ್ಷಕಿ ಉಲ್ರಿಕಾ. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು.

"ಅಹನಾ ತುಂಬಾ ಒಳ್ಳೆಯ ಮಗು. ಇಲ್ಲಿರುವ ಹದಿನೆಂಟು ಮಕ್ಕಳಲ್ಲಿ ಯಾರಿಗೆ ಏನು ಬೇಕು ಎಂದು ಅವಳಿಗೆ ಗೊತ್ತು. ಆದರೆ ನಿನಗೆ ಯಾವ ಹಣ್ಣು ಬೇಕು ಎಂದು ಕೇಳಿದರೆ, ಎಲ್ಸಾಗೆ ಪೇರ್ ಬೇಕು ಅನ್ನುತ್ತಾಳೆ. ನಿನಗೆ ಎಂದು ಮತ್ತೆ ಕೇಳಿದರೆ ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಕಳೆದ ವಾರ ಅಂಗಳದಲ್ಲಿ ನನ್ನ ಹತ್ತಿರ ಬಂದು, ಒಬ್ಬರ ಮೊಣಕಾಲಿನಲ್ಲಿ ರಕ್ತ ಬರುತ್ತಿದೆ ಎಂದಳು. ನಾನು ಅಂಗಳವೆಲ್ಲ ಸುತ್ತಿ ಯಾವ ಮಗು ಬಿದ್ದಿದೆ ಎಂದು ಹುಡುಕಿದೆ. ಆಮೇಲೆ ಅವಳ ಕಾಲು ನೋಡಿದೆ."

ಉಲ್ರಿಕಾ, "ಮನೆಯಲ್ಲಿ ನೀವು ಮೂವರೂ ಹೇಗೆ ಮಾತಾಡುತ್ತೀರಿ?" ಎಂದು ಕೇಳಿದಳು.

"ಅವಳು ಅವಳಪ್ಪನ ಹಾಗೆ. ಏನು ಕೇಳಿದರೂ ಬೇಕು ಬೇಡ ಹೇಳುವುದಿಲ್ಲ" ಎಂದು ಪದ್ಮಿನಿ ಉಲ್ರಿಕಾಗೆ ಹೇಳಿದಳು.

"ಅಮ್ಮ ಮುಖ ಊದಿಸಿಕೊಂಡಿದ್ದರೆ ಮಗು ತಾನೇ ಏನು ಮಾತಾಡುತ್ತೆ?" ಎಂದು ಸುದರ್ಶನ್ ಕೂಡ ಉಲ್ರಿಕಾಗೇ ಹೇಳಿದ.

ಉಲ್ರಿಕಾಳ ಕತ್ತು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗುತ್ತಲೇ ಇತ್ತು. ಹತ್ತು ನಿಮಿಷದಲ್ಲಿ ಪಾಪ ಅವಳನ್ನೂ ಅಹನಾಳ ಕೆಲಸಕ್ಕೆ ಹಚ್ಚಿಬಿಟ್ಟಿದ್ದರು. ಅದು ಅವಳಿಗೆ ಅರ್ಥವಾಯಿತೋ ಏನೋ, ಕೊನೆಗೆ ಪೆನ್ನು ಕೆಳಗಿಟ್ಟು, ಇದರ ಬಗ್ಗೆ ನೀವಿಬ್ಬರೂ ಕೂತು ಮಾತಾಡಿಕೊಳ್ಳಿ ಎಂದಳು.

ಮನೆಗೆ ನಡೆದು ಬರುವಾಗ ಅಹನಾ ಇಬ್ಬರ ಕೈಯನ್ನೂ ಹಿಡಿದುಕೊಂಡು ನಡುವೆ ಕುಣಿಯುತ್ತಾ ಬಂದಳು. ಆ ಮೊಣಕಾಲಿನ ರಕ್ತ ಸುದರ್ಶನ್‌ನ ಮನಸ್ಸಿನಿಂದ ಹೋಗಲಿಲ್ಲ. ಪದ್ಮಿನಿಯ ಹತ್ತಿರ ಇದನ್ನು ಮಾತಾಡಬೇಕು ಎಂದು ನಿಜವಾಗಿಯೂ ಅನ್ನಿಸಿತು. ಆದರೆ ಈ ಮಾತನ್ನು ಅಹನಾಳ ಕೈಲಿ ಹೇಳಿ ಕಳಿಸುವಂತಿರಲಿಲ್ಲ. ಬೇರೆ ದಾರಿಯನ್ನು ಅವರು ಮುಚ್ಚಿಕೊಂಡು ವಾರಗಟ್ಟಲೆಯಾಗಿತ್ತು. ಹಾಗಾಗಿ ಆ ಮಾತು ಹೋಗಲೇ ಇಲ್ಲ.

ನವೆಂಬರಿನ ಮೊದಲ ಶನಿವಾರ. ಬೆಳಿಗ್ಗೆ ಹತ್ತೂವರೆ ಇರಬಹುದು. ಪದ್ಮಿನಿ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಆನ್‌ಲೈನ್ ತರಗತಿಯಲ್ಲಿದ್ದಳು. ಸುದರ್ಶನ್ ಸೋಮವಾರದ ಮೀಟಿಂಗಿಗೆ ಸ್ಲೈಡುಗಳನ್ನು ಜೋಡಿಸುತ್ತಿದ್ದ. ಅಹನಾ ಬಂದು ಅವನ ಕುರ್ಚಿಯ ತೋಳು ಹಿಡಿದು ನಿಂತಳು.

"ಅಪ್ಪಾ, ಹೊಟ್ಟೆ ನೋವಂತೆ."

ಅವನು ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸಿದ. ಪದ್ಮಿನಿಗೆ ತಿಂಗಳಿಗೊಮ್ಮೆ ಬರುವ ನೋವು, ಅದರ ದಿನಗಳೇ ಇರಬೇಕು. ಅವನಿಗೆ ಒಂದು ಚೂರು ಮರುಕವೂ ಬಂತು, ಅದನ್ನು ಅಲ್ಲಗಳೆಯಬಾರದು.

"ಜೀರಿಗೆ ಕಷಾಯ ಕುಡಿಯಕ್ಕೆ ಹೇಳು. ಬಿಸಿಯಾಗಿ."

ಅಹನಾ ಹೋದಳು. ಕೋಣೆಯ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ತಿರುಗಿ ಬಂದಳು.

"ಬೇಕಾದ್ರೆ ಅವರೇ ಮಾಡ್ಕೊಬೇಕಂತೆ."

ಸುದರ್ಶನ್‌ಗೆ ಪಿತ್ತ ನೆತ್ತಿಗೇರಿತು. ಪಾಪ ನೋವು ಎಂದು ನಾನು ಕಷಾಯದ ಮಾತು ಹೇಳಿದರೆ, ನೀನೇ ಮಾಡಿಕೋ ಎಂದು ಕೊಂಕು! ಒಳ್ಳೆಯದಕ್ಕೆ ಕಾಲವಿಲ್ಲ. "ಹಾಗಾದ್ರೆ ನನ್ನನ್ನೇನೂ ಕೇಳಬೇಡ ಅಂತ ಹೇಳು" ಎಂದ.

ಅಹನಾ ಈ ಸಲ ಹೋಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಊಟದ ಮೇಜಿನ ಕೆಳಗೆ ಹೋಗಿ, ಕಾಲು ಮಡಚಿಕೊಂಡು ಮಲಗಿ, ಐಪ್ಯಾಡಿನಲ್ಲಿ ಬೆಕ್ಕಿನ ಮರಿಗೆ ಸ್ನಾನ ಮಾಡಿಸುವ ಆಟ ಆಡತೊಡಗಿದಳು. ಗಲಾಟೆಯಿಲ್ಲದ ಮಗು ಎಂದು ಅವನಿಗೆ ಸಮಾಧಾನವೇ ಆಯಿತು.

ಒಂದೂವರೆಗೆ ಅವನು ಅಡುಗೆಮನೆಗೆ ಹೋದಾಗ ಒಲೆಯ ಮೇಲೆ ಅವನಿಗೆಂದು ಏನೂ ಇರಲಿಲ್ಲ. ಹನ್ನೊಂದು ವಾರದಲ್ಲಿ ಅದೊಂದು ಆಗಿರಲಿಲ್ಲ. ಮಾತು ಬಿಟ್ಟಿದ್ದರೂ ಪದ್ಮಿನಿ ಅನ್ನ ಸಾರು ಮುಚ್ಚಿಡುತ್ತಿದ್ದಳು. ಓಹೋ, ಇಲ್ಲಿಗೆ ಬಂತೋ ಎಂದುಕೊಂಡು ಅವನು ಬ್ರೆಡ್ಡು ತಿಂದು ಎದ್ದ. ಮಗಳು ಅಮ್ಮನ ಜೊತೆ ಹನ್ನೆರಡಕ್ಕೇ ಉಂಡಿರುತ್ತಾಳೆ ಎಂದು ಭಾವಿಸಿದ. ರಾತ್ರಿ ಏಳಕ್ಕೆಲ್ಲ ಅವಳು ತಾನಾಗಿಯೇ ಹೋಗಿ ಮಲಗಿದ್ದಳು. ಬಾಗಿಲ ಸಂದಿಯಿಂದ ಇಣುಕಿ ನೋಡಿ, ಆಡಿ ದಣಿದಿದ್ದಾಳೆ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಪದ್ಮಿನಿ ಬಟ್ಟೆಯ ಚೀಲ ಹೊತ್ತು ಕಟ್ಟಡದ ನೆಲಮಾಳಿಗೆಗೆ ಹೋದಳು. ಅಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಒಂದು ವಾರ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಅಹನಾಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋಗೋಣ ಎಂದು ಸುದರ್ಶನ್ ಅವಳಿಗೆ ಚಳಿಯ ಉಡುಪು ತೊಡಿಸಲು ಕೂತ. ಅವಳು ಬೆನ್ನು ನೆಟ್ಟಗೆ ಮಾಡಲೇ ಇಲ್ಲ. ಮುದುಕಿಯ ಹಾಗೆ ಬಗ್ಗಿಕೊಂಡೇ ಬಂದಳು. ಬಲಗಾಲು ಎತ್ತಿ ಉಡುಪಿನೊಳಗೆ ಹಾಕುವಾಗ ಹಲ್ಲು ಕಚ್ಚಿದಳು. ಅವನ ಕೈಗೆ ಅವಳ ಕತ್ತು ತಾಗಿತು. ಮೈ ಕಾದ ಹೆಂಚಾಗಿತ್ತು.

"ಏನಾಯ್ತು ಪುಟ್ಟೀ?"

"ಹೊಟ್ಟೆ ನೋವಂತೆ."

"ಅಮ್ಮಂಗೆ ಇನ್ನೂ ಹೋಗಿಲ್ವಾ?"

ಅಹನಾ ಅವನ ಮುಖವನ್ನೇ ನೋಡಿದಳು. ತಪ್ಪು ಉತ್ತರ ಕೊಟ್ಟವರನ್ನು ಮೇಷ್ಟರು ನೋಡುವ ಹಾಗಲ್ಲ, ಸರಿಯಾದ ಉತ್ತರ ಯಾವುದು ಎಂದು ಗೊತ್ತಿಲ್ಲದ ಮಗು ನೋಡುವ ಹಾಗೆ. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಸುದರ್ಶನ್‌ನ ಕಿವಿಯಲ್ಲಿ ಉಲ್ರಿಕಾಳ ಮಾತು ಒಮ್ಮೆಗೇ ಮೊಳಗಿತು. ಅಂಗಳವೆಲ್ಲ ಸುತ್ತಿ ಹುಡುಕಿದೆ, ಆಮೇಲೆ ಅವಳ ಕಾಲು ನೋಡಿದೆ. ಅವನು ಅವಳ ಅಂಗಿ ಎತ್ತಿ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟ. ಹೊಟ್ಟೆ ಹಲಗೆಯಷ್ಟು ಗಟ್ಟಿಯಾಗಿತ್ತು. ಅಹನಾ ಕಿರುಚಿದಳು.

ಅವಳನ್ನು ಎತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಕಾಲುಚೀಲದಲ್ಲೇ ಅವನು ನಾಲ್ಕು ಸುತ್ತು ಮೆಟ್ಟಿಲಿಳಿದ. ಲಿಫ್ಟ್ ಇದೆಯೆಂಬುದು ಅವನಿಗೆ ಹೊಳೆಯಲೇ ಇಲ್ಲ. ನೆಲಮಾಳಿಗೆಯ ಬಾಗಿಲನ್ನು ಒದ್ದು, "ಪದ್ಮಿನೀ!" ಎಂದು ಕೂಗಿದ. ಹನ್ನೊಂದು ವಾರದಲ್ಲಿ ಅವಳ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಒದ್ದೆ ಬೆಡ್‌ಶೀಟು ಹಿಡಿದು ನಿಂತಿದ್ದ ಅವಳು ತಿರುಗಿ ನೋಡಿದಳು, ಬೆಡ್‌ಶೀಟು ನೆಲಕ್ಕೆ ಬಿತ್ತು.

ಮಕ್ಕಳ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಎತ್ತರದ ಒಬ್ಬ ಡಾಕ್ಟರಮ್ಮ ಬಂದು, ಹಾಸಿಗೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನ ಮುಖ ಅಹನಾಳ ಮುಖದ ಮಟ್ಟಕ್ಕೆ ಬರುವಂತೆ ಮಾಡಿಕೊಂಡು, ಎಲ್ಲಿ ನೋವು ಎಂದು ಕೇಳಿದಳು. ಸುದರ್ಶನ್ ಹೊಟ್ಟೆ ಎಂದ. ಪದ್ಮಿನಿ ಜ್ವರವೂ ಇದೆ ಎಂದಳು. ಡಾಕ್ಟರಮ್ಮ ಅವರ ಕಡೆ ತಿರುಗದೆಯೇ, "ನಾನು ಅಹನಾಳನ್ನು ಕೇಳುತ್ತಿದ್ದೇನೆ" ಎಂದಳು. ಅಹನಾ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಬಹಳ ಹೊತ್ತಾದ ಮೇಲೆ ಒಂದು ಬೆರಳನ್ನು ಹೊಟ್ಟೆಯ ಬಲಗಡೆ, ಕೆಳಗೆ ಇಟ್ಟಳು.

"ಯಾವಾಗಿನಿಂದ?"

"ಇವತ್ತು ಬೆಳಿಗ್ಗೆಯಿಂದ" ಎಂದ ಸುದರ್ಶನ್. ಪದ್ಮಿನಿಯೂ ಹೌದೆಂದು ತಲೆಯಾಡಿಸಿದಳು. ವಿಚಿತ್ರವೆಂದರೆ ಅಷ್ಟು ದಿನಗಳ ಮೇಲೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು, ಅದೂ ಸುಳ್ಳು.

ಅಹನಾ ಮೆಲ್ಲಗೆ, "ಫ್ರೆದಾಗ್" ಎಂದಳು. ಶುಕ್ರವಾರ. ಡಾಕ್ಟರಮ್ಮ ಶುಕ್ರವಾರವೆಂದೇ ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಸುದರ್ಶನ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಸ್ಕ್ಯಾನ್ ಆಯಿತು. ಅಪೆಂಡಿಕ್ಸ್ ಒಡೆದಿದೆ, ಒಳಗೆಲ್ಲ ಕೀವು ಹರಡಿದೆ, ಕೂಡಲೇ ಆಪರೇಷನ್ ಮಾಡಬೇಕು ಎಂದರು. ಎರಡು ನಿಮಿಷದಲ್ಲಿ ಅವಳ ಹಾಸಿಗೆಯನ್ನು ತಳ್ಳಿಕೊಂಡು ಹೋಗಿಬಿಟ್ಟರು.

ಹೊರಗೆ ಸಾಲಾಗಿ ಕುರ್ಚಿಗಳು. ಪದ್ಮಿನಿ ಒಂದರಲ್ಲಿ ಕೂತಳು. ಸುದರ್ಶನ್ ರೂಢಿಯಂತೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತ. ಅದು ಅಹನಾ ಕೂರುವ ಜಾಗ. ಮಾತು ಮೊದಲು ಬಂದದ್ದು ಸಿಟ್ಟಿನಲ್ಲೇ.

"ನಿನ್ನೆಯೆಲ್ಲಾ ನಿಮ್ಮ ಕಾಲ ಹತ್ರಾನೇ ಬಿದ್ಕೊಂಡಿದ್ಲು. ಮುಖ ನೋಡಕ್ಕಾಗ್ಲಿಲ್ವಾ?" ಎಂದಳು ಪದ್ಮಿನಿ.

"ನಾನು ನಿನಗೆ ನೋವು ಅಂದ್ಕೊಂಡೆ. ಹೊಟ್ಟೆ ನೋವಂತೆ ಅಂತ ಬಂದು ಹೇಳಿದ್ಲು. ನೀನೇ ಹೇಳಿ ಕಳಿಸಿದೀಯ ಅಂತ..."

"ನಾನ್ಯಾಕೆ ಕಳಿಸ್ಲಿ? ನನ್ನ ಹತ್ರ ಬಂದು ಜೀರಿಗೆ ಕಷಾಯ ಕುಡೀಬೇಕಂತೆ ಅಂದ್ಲು. ನಿಮಗೆ ಅಂತ ತಿಳ್ಕೊಂಡೆ."

"ಕಷಾಯ ನಿನಗೆ ಅಂತ ನಾನು ಹೇಳಿದ್ದು!"

ಪದ್ಮಿನಿಯ ಮುಖದ ಬಣ್ಣ ಇಳಿಯಿತು. ಅವಳು ತನ್ನಷ್ಟಕ್ಕೆ ಎಂಬಂತೆ, "ಮಧ್ಯಾಹ್ನ ಬಾಗಿಲ ಹತ್ರ ನಿಂತ್ಕೊಂಡು ಊಟ ಬೇಡವಂತೆ ಅಂದ್ಲು. ನೀವು ಸೊಕ್ಕಿಗೆ ಊಟ ಬೇಡ ಅಂತ ಹೇಳಿ ಕಳಿಸಿದೀರ ಅಂತ ನಾನು ಮಾಡ್ಲೇ ಇಲ್ಲ. ನನಗೂ ಬೇಡ ಅಂತ ಸುಮ್ನಿದ್ದೆ. ಅವಳು ನಿಮ್ಮ ಜೊತೆ ಏನೋ ತಿಂದಿರ್ತಾಳೆ ಅಂದ್ಕೊಂಡೆ" ಎಂದಳು.

"ನಿನ್ನ ಜೊತೆ ತಿಂದಿದಾಳೆ ಅಂತ ನಾನು."

ಹೀಗೆ ಒಂದೊಂದೇ ಅಂತೆಯನ್ನು ಎತ್ತಿ ಮುಂದಿಟ್ಟು ನೋಡಿದರು. ನೋವಂತೆ, ಬೇಡವಂತೆ, ಮಲಗಬೇಕಂತೆ, ಚಳಿಯಂತೆ. ಎರಡು ದಿನ ಮನೆಯಲ್ಲಿ ಓಡಾಡಿದ ಸುದ್ದಿಯಲ್ಲಿ ಅರ್ಧಕ್ಕರ್ಧ ಅವರಿಬ್ಬರದ್ದಾಗಿರಲೇ ಇಲ್ಲ. ನಮ್ಮ ಭಾಷೆಯಲ್ಲಿ ಯಾರಿಗೆ ಎಂದು ಹೇಳದೆಯೂ ನೋವನ್ನು ಹೇಳಬಹುದು. ಯಾರಿಗಂತೆ ಎಂದು ಕೇಳುವುದಕ್ಕೆ ಒಂದು ಪದ ಸಾಕಿತ್ತು. ಕೇಳಿದರೆ ಎಲ್ಲಿ ಸೋತಂತಾಗುತ್ತೋ ಎಂದು ಇಬ್ಬರೂ ಕೇಳಿರಲಿಲ್ಲ.

"ಅವತ್ತು ಮಾಜಿದ್ ಮನೇಲಿ ನಾನು..." ಎಂದು ಸುದರ್ಶನ್ ಶುರುಮಾಡಿದ.

"ಈಗ ಅದು ಬೇಡ" ಎಂದಳು ಪದ್ಮಿನಿ. ಅವಳ ಕಣ್ಣು ಆಪರೇಷನ್ ಕೋಣೆಯ ಕಡೆಗೇ ಇತ್ತು.

ಮಗು ಉಳಿಯಿತು. ಮೂರು ಗಂಟೆಯ ಮೇಲೆ ಡಾಕ್ಟರಮ್ಮ ಬಂದು ಅಪಾಯ ಕಳೆದಿದೆ ಎಂದಾಗ ಪದ್ಮಿನಿ ನೆಲದ ಮೇಲೇ ಕುಸಿದು ಕೂತಳು. ಸುದರ್ಶನ್ ಮಾತ್ರ ನಿಂತೇ ಇದ್ದ. ಶುಕ್ರವಾರ ಎಂಬ ಒಂದು ಪದ ಮುಳ್ಳಿನ ಹಾಗೆ ಅವನೊಳಗೆ ಮುರಿದುಕೊಂಡಿತ್ತು. ಶನಿವಾರ, ಭಾನುವಾರದ್ದೆಲ್ಲ ಲೆಕ್ಕಕ್ಕೆ ಸಿಕ್ಕಿತು. ಶುಕ್ರವಾರ ಮಗು ಯಾಕೆ ಬಾಯಿ ಬಿಡಲಿಲ್ಲ? ಅಷ್ಟು ಭಯವಿತ್ತೇ ಅವಳಿಗೆ ನಮ್ಮ ಹತ್ತಿರ? ಇದನ್ನು ತಿಳಿಯದೆ ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಬುಧವಾರ ಮಧ್ಯಾಹ್ನ ಅಹನಾ ದಿಂಬಿಗೆ ಒರಗಿ ಕೂತು ಎರಡು ಚಮಚ ಮೊಸರು ತಿಂದಳು. ಕೈಗೆ ಡ್ರಿಪ್ ಹಾಕಿದ್ದರು. ಮುಖ ಅಂಗೈಯಷ್ಟಾಗಿತ್ತು. ಹಾಸಿಗೆಯ ಒಂದು ಪಕ್ಕ ಪದ್ಮಿನಿ, ಇನ್ನೊಂದು ಪಕ್ಕ ಸುದರ್ಶನ್. ಮೂರು ದಿನದಿಂದ ಇಬ್ಬರೂ ನೇರವಾಗಿಯೇ ಮಾತಾಡುತ್ತಿದ್ದರು, ಆದರೆ ಔಷಧಿ, ಜ್ವರ, ಯಾರು ಮನೆಗೆ ಹೋಗಿ ಸ್ನಾನ ಮಾಡಿ ಬರಬೇಕು, ಅಷ್ಟು ಮಾತ್ರ. ಸುದರ್ಶನ್ ಮಗಳ ತಲೆ ಸವರಿದ.

"ಪುಟ್ಟೀ, ಶುಕ್ರವಾರದಿಂದ ನೋವಿತ್ತು ಅಂತ ಡಾಕ್ಟರ್ ಆಂಟಿಗೆ ಹೇಳಿದೆಯಲ್ಲಾ. ನಮಗ್ಯಾಕೆ ಹೇಳ್ಲಿಲ್ಲ ಕಂದಾ?"

"ಹೇಳಿದ್ನಲ್ಲಾ."

"ನೋವಂತೆ ಅಂದೆ. ಅಂತೆ ಅಂದ್ರೆ ಬೇರೆಯವರಿಗೆ ಅಂತ ಆಗತ್ತೆ. ನನಗೆ ಹೊಟ್ಟೆ ನೋವು ಅನ್ನಬೇಕಿತ್ತು."

"ಫಸ್ಟು ಹಂಗೇ ಅಂದೆ" ಎಂದಳು ಅಹನಾ. ಅವಳ ದನಿಯಲ್ಲಿ ದೂರು ಇರಲಿಲ್ಲ, ನಡೆದದ್ದನ್ನು ಒಪ್ಪಿಸುವ ಅದೇ ಅಚ್ಚುಕಟ್ಟು. "ಡಾಗಿಸ್‌ನಿಂದ ಬಂದ ತಕ್ಷಣ. ಅಪ್ಪಾ, ನನಗೆ ಹೊಟ್ಟೆ ನೋವು ಅಂದೆ. ನೀವು ಫೋನಲ್ಲಿದ್ರಿ. ಅಮ್ಮಂಗೆ ಹೇಳು ಅಂದ್ರಿ."

ಸುದರ್ಶನ್‌ನ ಕೈ ಅವಳ ತಲೆಯ ಮೇಲೆ ನಿಂತುಹೋಯಿತು.

"ಅಮ್ಮಂಗೆ ಹೇಳಿದೆ. ಅಮ್ಮ ಅಡುಗೆ ಮಾಡ್ತಿದ್ಲು. ಅಪ್ಪಂಗೆ ಹೇಳು ಅಂದ್ಲು. ಅದಕ್ಕೇ ಆಮೇಲಿಂದ ಇಬ್ರಿಗೂ ನೋವಂತೆ ಅಂತ ಹೇಳ್ದೆ."

ಅವನು ಶುಕ್ರವಾರವನ್ನು ತಲೆಯೊಳಗೆ ಹುಡುಕಿದ. ಆಫೀಸಿನ ಕರೆ ನೆನಪಾಯಿತು, ಯಾವ ಗಿರಾಕಿ ಏನಂದ ಎಂಬುದು ಅಕ್ಷರ ಬಿಡದೆ ನೆನಪಾಯಿತು. ಮಗಳು ಬಂದು ನಿಂತದ್ದು ಮಾತ್ರ ಎಲ್ಲೂ ಸಿಗಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಅನ್ನುವ ಮಾತದು, ಯಾವ ಸಲದ್ದನ್ನು ನೆನಪಿಡುವುದು? ಪದ್ಮಿನಿಯಾದರೂ ಇಲ್ಲ, ಹಾಗೆ ಆಗಿಲ್ಲ ಎಂದು ಹೇಳಲಿ ಎಂದು ಆಸೆಯಿಂದ ಅವಳ ಕಡೆ ನೋಡಿದ. ಅವಳ ಗಂಟಲಿನಿಂದ ಸಣ್ಣಗೆ, "ನನಗೂ ನೆನಪಿಲ್ಲ" ಎಂಬಷ್ಟೇ ಬಂತು. ಮರುಕ್ಷಣ ಅವಳು ಸ್ವೆಟರಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ಬಿಕ್ಕಳಿಸಿದಳು. ಸುದರ್ಶನ್‌ಗೂ ತಡೆಯಲಾಗಲಿಲ್ಲ.

ಅಹನಾ ಗಾಬರಿಯಾದಳು. ಸೂಜಿ ಚುಚ್ಚಿದ್ದ ಕೈಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಈ ಕಡೆ ತಿರುಗಿ, "ಅಪ್ಪಾ, ಅಮ್ಮ ಅಳ್ತಿದಾಳೆ" ಎಂದಳು. ಆಮೇಲೆ ಹೊಟ್ಟೆಯ ಹೊಲಿಗೆ ಜಗ್ಗಿ ಮುಖ ಕಿವುಚಿದರೂ ಬಿಡದೆ ಆ ಕಡೆ ತಿರುಗಿ, "ಅಮ್ಮಾ, ಅಪ್ಪಾನೂ ಅಳ್ತಿದಾರೆ" ಎಂದಳು. ಇಬ್ಬರೂ ಒಬ್ಬರಿಗೊಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಕೂತಿದ್ದರು. ಅವಳು ಸ್ವಲ್ಪ ಹೊತ್ತು ಕಾದಳು. ಯಾರೂ ಏನೂ ಹೇಳದಿದ್ದಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ, "ಏನಂತ ಹೇಳ್ಲಿ?" ಎಂದು ಕೇಳಿದಳು.